ಹತ್ತು ವರ್ಷಗಳ ‘ತಾತ್ಕಾಲಿಕ’ ತಪಾಸಣೆ: ಷೆಂಗೆನ್ ಒಳಗೆ ಗಡಿಗಳು ಮರಳಿದ್ದೇಕೆ?

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಮ್ಯಾಡ್ರಿಡ್‌ಗೆ ಹೋಗುವವರಿಗೆ ಇಮಿಗ್ರೇಷನ್ ಅಧಿಕಾರಿ ಎದುರಾಗುವುದು ಫ್ರಾಂಕ್‌ಫರ್ಟ್‌ನಲ್ಲಿ. ಎಷ್ಟು ದಿನ ಇರುತ್ತೀರಿ, ಎಲ್ಲಿ ಉಳಿಯುತ್ತೀರಿ, ವಾಪಸ್ ಟಿಕೆಟ್ ಇದೆಯೇ ಎಂಬ ವಿಚಾರಣೆಯೆಲ್ಲ ಅಲ್ಲಿಗೇ ಮುಗಿಯುತ್ತದೆ. ಮ್ಯಾಡ್ರಿಡ್‌ನಲ್ಲಿ ಇಳಿದ ಮೇಲೆ ಬ್ಯಾಗ್ ಎತ್ತಿಕೊಂಡು ಹೊರಗೆ ನಡೆಯುವುದಷ್ಟೇ ಬಾಕಿ. ಜರ್ಮನಿಯ ಅಧಿಕಾರಿ ಸ್ಪೇನಿನ ಪರವಾಗಿಯೂ ಪರಿಶೀಲಿಸಿ ಒಳಗೆ ಬಿಟ್ಟಿರುತ್ತಾರೆ, ಸ್ಪೇನ್ ಅದನ್ನು ಒಪ್ಪಿಕೊಂಡಿರುತ್ತದೆ. ಯುರೋಪಿನ 29 ದೇಶಗಳು ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿಕೊಂಡ ಷೆಂಗೆನ್ ವ್ಯವಸ್ಥೆ ನಿಂತಿರುವುದೇ ಈ ಪರಸ್ಪರ ನಂಬಿಕೆಯ ಮೇಲೆ: ಹೊರಗಿನ ಬಾಗಿಲನ್ನು ಯಾರು ಕಾದರೂ ಎಲ್ಲರಿಗಾಗಿ ಕಾಯಬೇಕು, ಒಳಗೆ ಬಂದವರನ್ನು ಮತ್ತೆ ತಡೆದು ಕೇಳಬಾರದು.

ಅದೇ ಪ್ರಯಾಣಿಕರು ವಾರದ ನಂತರ ಪ್ಯಾರಿಸ್‌ನಿಂದ ಬಸ್ ಹತ್ತಿ ಜರ್ಮನಿಗೆ ಮರಳುತ್ತಾರೆ ಎಂದಿಟ್ಟುಕೊಳ್ಳಿ. ಗಡಿ ದಾಟುತ್ತಿದ್ದಂತೆ ಹೆದ್ದಾರಿ ಬದಿಯ ಪಾರ್ಕಿಂಗ್‌ಗೆ ಬಸ್ಸನ್ನು ತಿರುಗಿಸಬಹುದು. ಫೆಡರಲ್ ಪೊಲೀಸರು ಹತ್ತಿ ಸಾಲುಸಾಲಾಗಿ ಪಾಸ್‌ಪೋರ್ಟ್ ಕೇಳಬಹುದು. ಇಲ್ಲದೇ ಇರುವ ಗಡಿಯಲ್ಲಿ ತಪಾಸಣೆ ಎಲ್ಲಿಂದ ಬಂತು?

ಉತ್ತರ ಕಾನೂನಿನಲ್ಲೇ ಇದೆ. ಷೆಂಗೆನ್ ಗಡಿ ಸಂಹಿತೆಯ 22ನೇ ವಿಧಿಯ ಪ್ರಕಾರ, ಯಾವ ದೇಶದ ಪ್ರಜೆಯೇ ಆಗಲಿ, ಒಳಗಡಿಯನ್ನು, ಅಂದರೆ ಸದಸ್ಯ ದೇಶಗಳ ನಡುವಿನ ಗಡಿಯನ್ನು, ಎಲ್ಲಿ ಬೇಕಾದರೂ ತಪಾಸಣೆಯಿಲ್ಲದೆ ದಾಟಬಹುದು. ಮೂರು ವಿಧಿ ಮುಂದೆ ಹೋದರೆ 25ನೆಯದು ಸಿಗುತ್ತದೆ: ಸಾರ್ವಜನಿಕ ಸುವ್ಯವಸ್ಥೆಗೆ ಅಥವಾ ಆಂತರಿಕ ಭದ್ರತೆಗೆ ಗಂಭೀರ ಅಪಾಯವಿದ್ದರೆ ಸದಸ್ಯ ದೇಶ ತಾತ್ಕಾಲಿಕವಾಗಿ ತಪಾಸಣೆ ತರಬಹುದು, ಅದೂ ಬೇರೆ ದಾರಿಯೇ ಇಲ್ಲದಾಗ. ಆ ‘ತಾತ್ಕಾಲಿಕ’ ಈಗ ಫ್ರಾನ್ಸ್‌ನಲ್ಲಿ 2015ರ ನವೆಂಬರ್‌ನಿಂದಲೂ, ಜರ್ಮನಿ–ಆಸ್ಟ್ರಿಯಾ ಗಡಿಯಲ್ಲಿ 2015ರ ಸೆಪ್ಟೆಂಬರ್‌ನಿಂದಲೂ ನಡೆಯುತ್ತಿದೆ. ಆಗ ಹುಟ್ಟಿದ ಮಗು ಈಗ ಶಾಲೆಯಲ್ಲಿ ನಾಲ್ಕಾರು ತರಗತಿ ಮುಗಿಸಿರುತ್ತದೆ. ಷೆಂಗೆನ್ ಸತ್ತಿತು ಎಂದು ಆಗಾಗ ಬರೆಯುವವರಿದ್ದಾರೆ, ಅದು ಸರಿಯಲ್ಲ. ಅದನ್ನು ಯಾರೂ ರದ್ದು ಮಾಡಿಲ್ಲ, ಮಾಡುವ ಧೈರ್ಯವೂ ಯಾರಿಗೂ ಇಲ್ಲ. ಅಪವಾದದ ವಿಧಿಯೊಂದು ಆರಾರು ತಿಂಗಳಿಗೊಮ್ಮೆ ನವೀಕರಣಗೊಳ್ಳುತ್ತಾ ನಿಯಮವನ್ನೇ ಒಳಗಿನಿಂದ ಟೊಳ್ಳು ಮಾಡುತ್ತಿದೆ.

ಗಾಜಿನ ಮೇಲೊಂದು ಹಸಿರು ಬಿಲ್ಲೆ

ಇದೆಲ್ಲ ಶುರುವಾದದ್ದು ದೊಡ್ಡ ಆದರ್ಶದಿಂದಲ್ಲ, ಲಾರಿಯವರ ಸಿಟ್ಟಿನಿಂದ. 1984ರ ಫೆಬ್ರವರಿಯಲ್ಲಿ ಇಟಲಿಯ ಕಸ್ಟಮ್ಸ್ ಸಿಬ್ಬಂದಿ ಮುಷ್ಕರ ಹೂಡಿದಾಗ ಆಲ್ಪ್ಸ್ ದಾರಿಗಳಲ್ಲಿ ಸಿಕ್ಕಿಬಿದ್ದ ಲಾರಿ ಚಾಲಕರು ಫ್ರಾನ್ಸ್‌ನ ರಸ್ತೆಗಳನ್ನೇ ಬಂದ್ ಮಾಡಿದರು. ಜುಲೈನಲ್ಲಿ ಫ್ರಾನ್ಸ್‌ನ ಅಧ್ಯಕ್ಷ ಮಿತ್ತೆರಾಂ ಮತ್ತು ಪಶ್ಚಿಮ ಜರ್ಮನಿಯ ಚಾನ್ಸೆಲರ್ ಕೋಲ್ ಅವರ ಸರ್ಕಾರಗಳು ತಮ್ಮಿಬ್ಬರ ನಡುವಿನ ಗಡಿ ತಪಾಸಣೆ ಸಡಿಲಿಸುವ ಒಪ್ಪಂದಕ್ಕೆ ಸಾರ್‌ಬ್ರುಕೆನ್‌ನಲ್ಲಿ ಸಹಿ ಹಾಕಿದವು. ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ತಮ್ಮೊಳಗೆ ಆಗಲೇ ತಪಾಸಣೆ ತೆಗೆದುಹಾಕಿದ್ದವು, ಅವೂ ಸೇರಿಕೊಂಡವು. 1985ರ ಜೂನ್ 14ರಂದು ಐದು ದೇಶಗಳ ಪ್ರತಿನಿಧಿಗಳು ಮೊಸೆಲ್ ನದಿಯಲ್ಲಿ ‘ಪ್ರಿನ್ಸೆಸ್ ಮಾರೀ ಆಸ್ಟ್ರಿಡ್’ ಎಂಬ ಹಡಗಿನ ಮೇಲೆ ಸೇರಿ ಸಹಿ ಮಾಡಿದರು. ದಡದಲ್ಲಿದ್ದದ್ದು ದ್ರಾಕ್ಷಿ ಬೆಳೆಯುವ ಷೆಂಗೆನ್ ಎಂಬ ಲಕ್ಸೆಂಬರ್ಗ್‌ನ ಪುಟ್ಟ ಹಳ್ಳಿ, ಎದುರು ದಡದಲ್ಲಿ ಜರ್ಮನಿ, ತುಸು ಮೇಲಕ್ಕೆ ಫ್ರಾನ್ಸ್. ಸಹಿ ಹಾಕಿದವರಲ್ಲಿ ಪ್ರಧಾನಿ, ಅಧ್ಯಕ್ಷರು ಒಬ್ಬರೂ ಇರಲಿಲ್ಲ. ಅಷ್ಟು ಮಹತ್ವದ್ದೆಂದು ಆಗ ಯಾರಿಗೂ ಅನಿಸಿರಲಿಲ್ಲ.

ಆ ಮೊದಲ ಒಪ್ಪಂದ ಓದಲು ಮಜವಾಗಿದೆ. ಗಡಿಯಲ್ಲಿ ಕಾರು ನಿಲ್ಲಿಸಬೇಕಾಗಿಲ್ಲ, ವೇಗ ತಗ್ಗಿಸಿದರೆ ಸಾಕು, ಅಧಿಕಾರಿ ಕಣ್ಣು ಹಾಯಿಸಿ ಬಿಡುತ್ತಾರೆ. ಕಾರಿನಲ್ಲಿರುವವರೆಲ್ಲ ನಿಯಮ ಪಾಲಿಸುವ ಪ್ರಜೆಗಳೇ, ಸುಂಕ ಕಟ್ಟುವಂಥ ಸಾಮಾನೇನೂ ಇಲ್ಲ ಎಂದು ತೋರಿಸಲು ಮುಂದಿನ ಗಾಜಿಗೆ ಹಸಿರು ಬಿಲ್ಲೆ ಅಂಟಿಸಿಕೊಳ್ಳಬಹುದು. ಬಿಲ್ಲೆಯ ವ್ಯಾಸ ಎಂಟು ಸೆಂಟಿಮೀಟರ್‌ಗೆ ಕಡಿಮೆ ಇರಕೂಡದು. ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಸ್ಟಿಕ್ಕರ್ ಅಳತೆ ಬರೆದ ಆ ಗುಮಾಸ್ತ ಯಾರೋ, ಪುಣ್ಯಾತ್ಮ.

ಇದನ್ನು ಜಾರಿ ಮಾಡುವ ವಿವರವಾದ ಒಡಂಬಡಿಕೆಗೆ 1990ರಲ್ಲಿ ಸಹಿ ಬಿದ್ದು, 1995ರ ಮಾರ್ಚ್ 26ರಂದು ಏಳು ದೇಶಗಳ ನಡುವೆ ತಪಾಸಣೆ ನಿಂತಿತು. 1999ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಪ್ಪಂದದ ಮೂಲಕ ಷೆಂಗೆನ್ ಐರೋಪ್ಯ ಒಕ್ಕೂಟದ ಕಾನೂನಿನೊಳಗೆ ಬಂತು. ಈಗ 29 ದೇಶಗಳಿವೆ: ಒಕ್ಕೂಟದ 25, ಜೊತೆಗೆ ನಾರ್ವೆ, ಐಸ್‌ಲೆಂಡ್, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್. ಬಲ್ಗೇರಿಯ, ರೊಮೇನಿಯಗಳಿಗೆ ಭೂಗಡಿಯ ಬಾಗಿಲು ತೆರೆದದ್ದು 2025ರ ಜನವರಿ 1ರಂದು. ಎಲ್ಲ ಸಿದ್ಧವಾಗಿದೆ ಎಂದು ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ 2011ರಲ್ಲೇ ಹೇಳಿತ್ತು. ಆ ಎರಡು ದೇಶಗಳ ನಡುವಿನ ಡ್ಯಾನ್ಯೂಬ್ ಸೇತುವೆಯ ಎರಡು ಕಡೆ ಲಾರಿಗಳು ಕಾದು ಕಾದು ಕಳೆದ ಆ ಹದಿಮೂರು ವರ್ಷದ ಲೆಕ್ಕ ಕೊಡುವವರಿಲ್ಲ.

ಯಾರ ಮೇಲೆ ಯಾರ ಭಾರ

ಒಳಬಾಗಿಲುಗಳನ್ನು ಕಿತ್ತ ಮೇಲೆ ಹೊರಬಾಗಿಲ ಹೊಣೆ ಯಾರ ಹೆಗಲಿಗೆ ಬೀಳುತ್ತದೆ ಎನ್ನುವಲ್ಲೇ ತೊಡಕಿನ ಗಂಟು ಇರುವುದು. ಭೂಪಟ ನೋಡಿದರೆ ಗೊತ್ತಾಗುತ್ತದೆ: ಗ್ರೀಸ್, ಇಟಲಿ, ಸ್ಪೇನ್, ಕ್ರೊಯೇಷಿಯ, ಬಲ್ಗೇರಿಯ. ಡಬ್ಲಿನ್ ನಿಯಮಗಳ ಪ್ರಕಾರ ಆಶ್ರಯ ಕೋರಿ ಬಂದವರ ಅರ್ಜಿಯನ್ನು ಸಾಮಾನ್ಯವಾಗಿ ನೋಡಬೇಕಾದ್ದೂ ಅವರು ಮೊದಲು ಕಾಲಿಟ್ಟ ದೇಶವೇ. ಅಂದರೆ ಕಾವಲೂ ಅವರದೇ, ಬಂದವರ ಹೊಣೆಯೂ ಅವರದೇ. ಹೀಗಿರುವಾಗ ಆ ದೇಶಗಳು ಬಂದವರ ಬೆರಳಚ್ಚು ತೆಗೆಯುವುದರಲ್ಲಿ ಆಲಸ್ಯ ತೋರಿಸಿದರೆ, ಉತ್ತರಕ್ಕೆ ಹೋಗುವವರನ್ನು ಕಂಡೂ ಕಾಣದಂತೆ ಬಿಟ್ಟರೆ ಅಚ್ಚರಿಯಿಲ್ಲ. 2022ರ ಡಿಸೆಂಬರ್‌ನಲ್ಲಿ ಇಟಲಿ, ಡಬ್ಲಿನ್ ಲೆಕ್ಕದಲ್ಲಿ ಯಾರನ್ನೂ ವಾಪಸ್ ಕಳಿಸಬೇಡಿ, ಜಾಗವಿಲ್ಲ ಎಂದು ಉಳಿದ ದೇಶಗಳಿಗೆ ಪತ್ರವನ್ನೇ ಬರೆಯಿತು.

ಉತ್ತರದ ದೇಶಗಳ ದೂರೂ ಸುಳ್ಳಲ್ಲ. 2015ರಲ್ಲಿ ಸಮುದ್ರ ದಾಟಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಯುರೋಪಿಗೆ ಬಂದರು, ಹೆಚ್ಚಿನವರು ಉಳಿದದ್ದು ಜರ್ಮನಿ, ಸ್ವೀಡನ್, ಆಸ್ಟ್ರಿಯಾಗಳಲ್ಲಿ. 2024ರ ಆಗಸ್ಟ್‌ನಲ್ಲಿ ಜರ್ಮನಿಯ ಜೋಲಿಂಗೆನ್ ಪಟ್ಟಣದ ಉತ್ಸವದಲ್ಲಿ ಮೂವರನ್ನು ಇರಿದು ಕೊಂದ ಸಿರಿಯಾದ ವ್ಯಕ್ತಿಯನ್ನು ಡಬ್ಲಿನ್ ನಿಯಮದಂತೆ ಬಲ್ಗೇರಿಯಕ್ಕೆ ಕಳಿಸಬೇಕಿತ್ತು, ಕಳಿಸಿರಲಿಲ್ಲ. ಜನರ ಸಿಟ್ಟಿಗೆ ಕಾರಣವಿತ್ತು. ಆದರೆ ಎಡವಿದ್ದು ಗಡೀಪಾರು ಮಾಡಬೇಕಿದ್ದ ಜರ್ಮನಿಯ ಆಡಳಿತ, ಬಿಗಿಯಾದದ್ದು ಲಕ್ಸೆಂಬರ್ಗ್, ನೆದರ್ಲೆಂಡ್ಸ್, ಡೆನ್ಮಾರ್ಕ್ ಗಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ತಾರೀಖುಗಳನ್ನೂ ಒಮ್ಮೆ ನೋಡಿ. ಸೆಪ್ಟೆಂಬರ್ 1ರಂದು ಥುರಿಂಗಿಯ ಪ್ರಾಂತ್ಯದ ಚುನಾವಣೆಯಲ್ಲಿ ಬಲಪಂಥೀಯ ಎಎಫ್‌ಡಿ ಪಕ್ಷ ಮೊದಲ ಸ್ಥಾನಕ್ಕೆ ಬಂತು. 9ರಂದು ಆಂತರಿಕ ಸಚಿವೆ ನ್ಯಾನ್ಸಿ ಫೇಸರ್ ಎಲ್ಲ ಒಂಬತ್ತು ನೆರೆದೇಶಗಳ ಭೂಗಡಿಯಲ್ಲೂ ತಪಾಸಣೆ ಎಂದು ಘೋಷಿಸಿದರು. 16ರಿಂದ ಜಾರಿ. 22ರಂದು ಬ್ರಾಂಡೆನ್‌ಬರ್ಗ್ ಚುನಾವಣೆ. ಇದರಲ್ಲಿ ಯಾವುದು ಭದ್ರತೆಯ ಕ್ಯಾಲೆಂಡರ್, ಯಾವುದು ಚುನಾವಣೆಯದು ಎಂದು ಬಿಡಿಸಿ ಹೇಳುವುದು ಕಷ್ಟ.

ಅಂಕಿ ಅಂಶ ಇನ್ನೂ ಬಿಡಿಸಿ ಹೇಳುತ್ತದೆ. ಗಡಿ ಕಾವಲು ಸಂಸ್ಥೆ ಫ್ರಾಂಟೆಕ್ಸ್ ಲೆಕ್ಕದಂತೆ ಹೊರಗಡಿಯನ್ನು ಅಕ್ರಮವಾಗಿ ದಾಟಿದ ಪ್ರಕರಣಗಳು 2023ರಲ್ಲಿ ಸುಮಾರು 3.8 ಲಕ್ಷ ಇದ್ದದ್ದು 2024ರಲ್ಲಿ 2.4 ಲಕ್ಷದ ಆಸುಪಾಸಿಗೆ ಇಳಿಯಿತು. ಜರ್ಮನಿಯಲ್ಲಿ ಹೊಸ ಆಶ್ರಯ ಅರ್ಜಿಗಳು ಅದೇ ಅವಧಿಯಲ್ಲಿ ಸುಮಾರು 3.3 ಲಕ್ಷದಿಂದ 2.3 ಲಕ್ಷಕ್ಕೆ ಇಳಿದವು, ಎಲ್ಲ ಗಡಿಗಳಲ್ಲೂ ತಪಾಸಣೆ ಬಂದದ್ದು ವರ್ಷದ ಕೊನೆಯ ಮೂರೂವರೆ ತಿಂಗಳಲ್ಲಿ ಮಾತ್ರ. ಬರುವವರು ಕಡಿಮೆಯಾಗುತ್ತಿರುವ ಹೊತ್ತಿನಲ್ಲೇ ಒಳಗಡಿಗಳಲ್ಲಿ ನಾಕಾಬಂದಿ ಹೆಚ್ಚಿತು. 2024ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್ ಶುರು ಮಾಡಿತು. 2025ರ ಜುಲೈ 7ರಿಂದ ಪೋಲೆಂಡ್ ಕೂಡ ಜರ್ಮನಿ ಮತ್ತು ಲಿಥುವೇನಿಯ ಜೊತೆಗಿನ ತನ್ನ ಗಡಿಗಳಲ್ಲಿ ಶುರು ಮಾಡಿತು. ಪೋಲೆಂಡಿನದು ನೇರ ಪ್ರತೀಕಾರ: ಜರ್ಮನಿ ಗಡಿಯಲ್ಲೇ ಜನರನ್ನು ಹಿಂದಕ್ಕೆ ತಳ್ಳುತ್ತಿದೆ, ಅವರೆಲ್ಲ ನಮ್ಮ ಮೇಲೆ ಬೀಳುತ್ತಿದ್ದಾರೆ ಎಂಬ ಆರೋಪ ಅಲ್ಲಿ ಎದ್ದಿತ್ತು. ಸೇತುವೆಗಳ ಬಳಿ ಸ್ವಯಂಘೋಷಿತ ‘ನಾಗರಿಕ ಗಸ್ತು’ ತಂಡಗಳೂ ನಿಂತಿದ್ದವು. ಒಬ್ಬರು ಬಾಗಿಲು ಹಾಕಿದರೆ ಪಕ್ಕದವರೂ ಹಾಕಬೇಕಾಗುತ್ತದೆ. ಇದು ಸರಪಳಿ.

ಸಂಜೆ ಐದರ ಮೇಲೆ ಮಾರ್ಕುಸ್‌ಬರ್ಗ್

ತಪಾಸಣೆ ಅಂದರೆ ನೆಲದ ಮೇಲೆ ಏನು? ಲಕ್ಸೆಂಬರ್ಗ್‌ನಿಂದ ಜರ್ಮನಿಯ ಟ್ರಿಯರ್ ಕಡೆಗೆ ಹೋಗುವ ಎ64 ಹೆದ್ದಾರಿ ಗಡಿ ದಾಟಿದ ಕೂಡಲೇ ಮಾರ್ಕುಸ್‌ಬರ್ಗ್ ಎಂಬ ಪಾರ್ಕಿಂಗ್ ಸಿಗುತ್ತದೆ. ತಪಾಸಣೆ ಇದ್ದ ದಿನ ರಸ್ತೆಯನ್ನು ಕಿರಿದು ಮಾಡಿ, ವಾಹನಗಳನ್ನು ನಿಧಾನಕ್ಕೆ ಸಾಗಿಸುತ್ತಾರೆ. ಪೊಲೀಸರು ಬಗ್ಗಿ ಕಾರಿನೊಳಗೆ ನೋಡುತ್ತಾರೆ, ಅನುಮಾನ ಬಂದ ಒಂದೆರಡನ್ನು ಬದಿಗೆ ಎಳೆಯುತ್ತಾರೆ, ಉಳಿದದ್ದನ್ನು ಬಿಡುತ್ತಾರೆ. ಲಕ್ಸೆಂಬರ್ಗ್‌ನಲ್ಲಿ ದುಡಿಯುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ, ಅಂದರೆ ಎರಡು ಲಕ್ಷಕ್ಕೂ ಮಿಕ್ಕಿ, ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ದಿನಾ ಬಂದು ಹೋಗುವವರು. ಡ್ಯೂಟಿ ಮುಗಿಸಿದ ನರ್ಸ್, ಬ್ಯಾಂಕ್ ಗುಮಾಸ್ತೆ, ಗಾರೆ ಕೆಲಸದವರು ಸಂಜೆ ಮನೆಗೆ ಮರಳುವಾಗ ಸಿಕ್ಕಿಕೊಳ್ಳುವುದು ಇಲ್ಲಿ. ಇಡೀ ಷೆಂಗೆನ್ ಲೆಕ್ಕ ಹಿಡಿದರೆ ದಿನಕ್ಕೆ ಸುಮಾರು 35 ಲಕ್ಷ ಮಂದಿ ಒಳಗಡಿ ದಾಟುತ್ತಾರೆ, 17 ಲಕ್ಷದಷ್ಟು ಮಂದಿಯ ಮನೆ ಒಂದು ದೇಶದಲ್ಲಿ, ಕೆಲಸ ಇನ್ನೊಂದರಲ್ಲಿ.

ಜರ್ಮನಿಯ ಭೂಗಡಿ ಸುಮಾರು 3,700 ಕಿಲೋಮೀಟರ್. ಹೆದ್ದಾರಿಯಲ್ಲಿ ಪೊಲೀಸರಿದ್ದರೆ ಅಲ್ಲೇ ಎರಡು ಮೈಲಿ ಆಚೆ ಹೊಲದ ನಡುವಿನ ದಾರಿಯಲ್ಲಿ ಯಾರೂ ಇರುವುದಿಲ್ಲ. ಜನರನ್ನು ಸಾಗಿಸುವ ದಂಧೆಯವರಿಗೆ ಈ ದಾರಿಗಳು ನಮಗಿಂತ ಚೆನ್ನಾಗಿ ಗೊತ್ತು. ದಂಧೆಕೋರರು ಸಿಕ್ಕಿಬಿದ್ದದ್ದುಂಟು, ವಾರಂಟ್ ಇದ್ದವರೂ ಸಿಕ್ಕಿದ್ದುಂಟು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದಕ್ಕಾಗಿ ಗಡಿ ತಪಾಸಣೆಯೇ ಬೇಕೆಂದಿಲ್ಲ. ಬವೇರಿಯಾದ ಪೊಲೀಸರು 1995ರಿಂದಲೇ ಗಡಿಯ ಒಳಗಿನ ವಲಯದಲ್ಲಿ ನಿರ್ದಿಷ್ಟ ಅನುಮಾನವಿಲ್ಲದೆಯೂ ವಾಹನ ತಡೆಯುವ ಅಧಿಕಾರ ಪಡೆದಿದ್ದಾರೆ, ಅದು ಷೆಂಗೆನ್ ನಿಯಮಕ್ಕೆ ಒಳಪಟ್ಟೇ ನಡೆಯಬಲ್ಲದು. ನನ್ನ ಮಟ್ಟಿಗೆ ಹೆದ್ದಾರಿಯ ಈ ತಪಾಸಣಾ ಡೇರೆ ಬಹುಪಾಲು ಕಣ್ಣೊರೆಸುವ ತಂತ್ರ, ಟಿವಿ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ್ದು.

ಗಡಿಯನ್ನು ನಿಜವಾಗಿಯೂ ಮುಚ್ಚಿದರೆ ಹೇಗಿರುತ್ತದೆಂದು 2020ರ ಮಾರ್ಚ್‌ನಲ್ಲಿ ಯುರೋಪ್ ಕಂಡಿತು. ಜರ್ಮನಿಯ ಕಾನ್‌ಸ್ಟಾನ್ಸ್ ಮತ್ತು ಸ್ವಿಟ್ಜರ್ಲೆಂಡ್‌ನ ಕ್ರೊಯಿಟ್ಸ್‌ಲಿಂಗೆನ್ ಒಂದಕ್ಕೊಂದು ಅಂಟಿಕೊಂಡ ಊರುಗಳು. ಕೋವಿಡ್ ಹೆಸರಲ್ಲಿ ನಡುವೆ ತಂತಿಬೇಲಿ ಬಂತು. ಆಚೆ ಈಚೆಯ ಪ್ರೇಮಿಗಳು, ಅಜ್ಜಿ ಮೊಮ್ಮಕ್ಕಳು ಬೇಲಿ ಹಿಡಿದು ಮಾತಾಡತೊಡಗಿದಾಗ, ಕೈ ತಾಗಬಾರದೆಂದು ಎರಡನೇ ಬೇಲಿ ಹಾಕಿದರು. ಅದೇ ದಿನಗಳಲ್ಲಿ ನಮ್ಮ ತಲಪಾಡಿಯಲ್ಲಿ ಕರ್ನಾಟಕ ಕಾಸರಗೋಡಿನ ದಾರಿ ಬಂದ್ ಮಾಡಿತ್ತು, ಒಳರಸ್ತೆಗಳಿಗೆ ಮಣ್ಣು ಸುರಿದಿತ್ತು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ಆಂಬುಲೆನ್ಸ್ ತಿರುಗಿ ಹೋಗಿತ್ತು. ಕೇರಳ ಹೈಕೋರ್ಟ್ ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟ್ ಮುಟ್ಟಿದ ಮೇಲೆ ರೋಗಿಗಳಿಗೆ ದಾರಿ ಬಿಟ್ಟದ್ದು. ಒಂದೇ ದೇಶದೊಳಗೆ, ಒಂದೇ ಸಂವಿಧಾನದಡಿ ಹೀಗಾಗಬಹುದಾದರೆ ಸಾರ್ವಭೌಮ ದೇಶಗಳ ನಡುವೆ ಆದದ್ದರಲ್ಲಿ ಆಶ್ಚರ್ಯವೇನಿದೆ. ಇದರಲ್ಲಿ ಗಮನಿಸಬೇಕಾದ್ದು ಒಂದು: ಆ ಬೇಲಿ ಕೆಲವೇ ತಿಂಗಳಲ್ಲಿ ಹೋಯಿತು, ಯಾಕೆಂದರೆ ಅದು ಎಲ್ಲರನ್ನೂ ತಡೆದಿತ್ತು. ಕೆಲವರನ್ನಷ್ಟೇ ತಡೆಯುವ ತಪಾಸಣೆ ಉಳಿದುಕೊಳ್ಳುತ್ತದೆ.

ಕೋರ್ಟ್ ಹೇಳಿದ್ದು, ಸರ್ಕಾರಗಳು ಕೇಳಿದ್ದು

2019ರಲ್ಲಿ ಸ್ಲೊವೇನಿಯದಿಂದ ಆಸ್ಟ್ರಿಯಾಕ್ಕೆ ಬರುತ್ತಿದ್ದ ಒಬ್ಬರು ಷ್ಪೀಲ್‌ಫೆಲ್ಡ್ ಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಲು ಒಪ್ಪಲಿಲ್ಲ. ಈ ತಪಾಸಣೆಯೇ ಕಾನೂನುಬಾಹಿರ ಎಂಬುದು ಅವರ ವಾದ. 36 ಯೂರೋ ದಂಡ ಬಿತ್ತು. ಕಟ್ಟಿ ಸುಮ್ಮನಾಗಬಹುದಿತ್ತು, ಅವರು ಮೇಲ್ಮನವಿ ಹಾಕಿದರು. ಪ್ರಕರಣ ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. 2022ರ ಏಪ್ರಿಲ್ 26ರ ತೀರ್ಪು ಸ್ಪಷ್ಟವಾಗಿತ್ತು: ಒಂದೇ ಅಪಾಯದ ಹೆಸರಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ತಪಾಸಣೆ ಮುಂದುವರಿಸುವಂತಿಲ್ಲ. ಮುಂದುವರಿಸಬೇಕಾದರೆ ಹೊಸ ಅಪಾಯ ಇರಬೇಕು.

ಆ ಕೊನೆಯ ವಾಕ್ಯದಲ್ಲೇ ಸಂದಿ ಉಳಿಯಿತು. ಅಪಾಯ ಹೊಸದೋ ಹಳೆಯದೋ ಎಂದು ಮೊದಲು ತೀರ್ಮಾನಿಸುವುದು ತಪಾಸಣೆ ಬೇಕೆನ್ನುವ ಸರ್ಕಾರವೇ. ಬ್ರಸೆಲ್ಸ್‌ನ ಐರೋಪ್ಯ ಆಯೋಗಕ್ಕೆ ಹೋಗುವ ಪತ್ರಗಳಲ್ಲಿ ಕಾರಣಗಳು ಬದಲಾಗುತ್ತಾ ಹೋದವು: ಭಯೋತ್ಪಾದನೆ, ಕೋವಿಡ್, ಉಕ್ರೇನ್ ಯುದ್ಧ, ಮಾನವ ಸಾಗಣೆ, ಕ್ರೀಡಾಕೂಟ, ಆಶ್ರಯ ವ್ಯವಸ್ಥೆಯ ಮೇಲಿನ ಒತ್ತಡ. ಗಡಿಯಲ್ಲಿ ನಿಂತ ಡೇರೆ ಮಾತ್ರ ಅದೇ. ಬವೇರಿಯಾದ ಉನ್ನತ ಆಡಳಿತ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ, 2022ರಲ್ಲಿ ಆಸ್ಟ್ರಿಯಾ ಗಡಿಯಲ್ಲಿ ಜರ್ಮನಿ ನಡೆಸಿದ ತಪಾಸಣೆ ಕಾನೂನಿಗೆ ವಿರುದ್ಧ ಎಂದಿತು. 2025ರ ಜೂನ್ 2ರಂದು ಬರ್ಲಿನ್ ಆಡಳಿತ ನ್ಯಾಯಾಲಯ, ಫ್ರಾಂಕ್‌ಫರ್ಟ್ ಆನ್ ಡೆರ್ ಓಡರ್ ನಿಲ್ದಾಣದಿಂದ ಮೂವರು ಸೊಮಾಲಿಯಾದವರನ್ನು ಡಬ್ಲಿನ್ ಪ್ರಕ್ರಿಯೆ ನಡೆಸದೆ ಪೋಲೆಂಡಿಗೆ ವಾಪಸ್ ಕಳಿಸಿದ್ದು ತಪ್ಪು ಎಂದಿತು. ಆಂತರಿಕ ಸಚಿವ ಅಲೆಕ್ಸಾಂಡರ್ ಡೋಬ್ರಿಂಟ್ ಅದು ಆ ಮೂವರಿಗೆ ಸೀಮಿತ ಎಂದರು. ತಪಾಸಣೆಯೂ ನಿಲ್ಲಲಿಲ್ಲ, ವಾಪಸ್ ಕಳಿಸುವುದೂ ನಿಲ್ಲಲಿಲ್ಲ.

ನಿಯಮ ಕಾಯಬೇಕಾದದ್ದು ಐರೋಪ್ಯ ಆಯೋಗ. ತಪಾಸಣೆ ಕೊನೆಯ ಅಸ್ತ್ರವಾಗಿರಲಿ ಎಂದು ಅದು ನೆನಪಿಸಿದ್ದುಂಟು, ಅಭಿಪ್ರಾಯ ಬರೆದದ್ದುಂಟು. ಒಳಗಡಿ ತಪಾಸಣೆಯನ್ನು ಲಂಬಿಸಿದ್ದಕ್ಕೆ ಯಾವ ದೇಶವನ್ನೂ ನ್ಯಾಯಾಲಯಕ್ಕೆ ಎಳೆದದ್ದಿಲ್ಲ. ಜರ್ಮನಿ, ಫ್ರಾನ್ಸ್‌ಗಳಂಥ ದೊಡ್ಡ ಕುಳಗಳನ್ನು ಎದುರು ಹಾಕಿಕೊಳ್ಳುವುದು ಅದಕ್ಕೆ ನುಂಗಲಾರದ ತುತ್ತು. ಬದಲಿಗೆ 2024ರಲ್ಲಿ ಸಂಹಿತೆಯನ್ನೇ ತಿದ್ದಲಾಯಿತು. ಹೊಸ ನಿಯಮದಲ್ಲಿ ಅನಿರೀಕ್ಷಿತ ಅಪಾಯಕ್ಕೆ ಒಂದು ತಿಂಗಳು, ಎಳೆದರೆ ಮೂರು ತಿಂಗಳು. ನಿರೀಕ್ಷಿತ ಅಪಾಯಕ್ಕೆ ಆರು ತಿಂಗಳು, ನವೀಕರಿಸುತ್ತಾ ಎರಡು ವರ್ಷ, ತೀರಾ ಅಸಾಧಾರಣವಾದರೆ ಮೂರು ವರ್ಷ. ಕಾಗದದ ಮೇಲೆ ಇದು ಮಿತಿ. ಹಿಂದಿನ ಆರು ತಿಂಗಳಿನ ಪಕ್ಕ ಇಟ್ಟು ನೋಡಿದರೆ ನಿಯಮ ಮುರಿದವರಿಗೆ ಸಿಕ್ಕ ರಿಯಾಯಿತಿ. ಅದರ ಜೊತೆಗೆ, ಗಡಿ ಸಮೀಪ ಸಿಕ್ಕ ಅಕ್ರಮ ವಲಸಿಗರನ್ನು ಜಂಟಿ ಗಸ್ತಿನ ಮೂಲಕ ನೆರೆದೇಶಕ್ಕೆ ಬೇಗ ಒಪ್ಪಿಸುವ ವ್ಯವಸ್ಥೆಯನ್ನೂ ಸೇರಿಸಿದ್ದಾರೆ. ಗಡಿ ಡೇರೆಗಿಂತ ಇದು ಎಷ್ಟೋ ಮೇಲು, ಆದರೆ ಇದಕ್ಕೆ ನೆರೆಯವರ ಒಪ್ಪಿಗೆ ಬೇಕು, ಪೋಲೆಂಡ್–ಜರ್ಮನಿ ಜಗಳ ನೋಡಿದರೆ ಅದು ಸುಲಭಕ್ಕೆ ಸಿಗುವಂಥದ್ದಲ್ಲ.

ಇನ್ನೊಂದು ಕಡೆ ಹೊರಗಡಿ ಯಂತ್ರದ ಕೈಗೆ ಹೋಗುತ್ತಿದೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಪ್ರವೇಶ–ನಿರ್ಗಮನ ವ್ಯವಸ್ಥೆ, ಅಂದರೆ ಇಇಎಸ್, ಪಾಸ್‌ಪೋರ್ಟಿನ ಮುದ್ರೆಯ ಜಾಗಕ್ಕೆ ಮುಖದ ಚಿತ್ರ ಮತ್ತು ಬೆರಳಚ್ಚನ್ನು ತರುತ್ತದೆ. ವೀಸಾ ಬೇಕಾದ ಭಾರತೀಯರ ಬೆರಳಚ್ಚು ಅರ್ಜಿ ಹಾಕುವಾಗಲೇ ವೀಸಾ ದತ್ತಾಂಶದಲ್ಲಿ ಸೇರಿರುವುದರಿಂದ ಗಡಿಯಲ್ಲಿ ಮುಖದ ಚಿತ್ರ ಮಾತ್ರ. ನಮ್ಮವರು ಗಮನಿಸಬೇಕಾದ್ದು ದಿನದ ಲೆಕ್ಕವನ್ನು. ಯಾವುದೇ 180 ದಿನದ ಅವಧಿಯಲ್ಲಿ 90 ದಿನ ಎಂಬ ನಿಯಮ ಹಳೆಯದೇ, ಇಳಿದ ದಿನವೂ ಹೊರಟ ದಿನವೂ ಅದರಲ್ಲಿ ಸೇರುತ್ತವೆ. ಐಂಡ್‌ಹೋವನ್‌ನಲ್ಲೋ ಮ್ಯೂನಿಕ್‌ನಲ್ಲೋ ಇರುವ ಮಗಳ ಬಾಣಂತನಕ್ಕೆ ಬಂದ ತಾಯಿ ಮೂರು ತಿಂಗಳೆಂದು ಅಂದಾಜಿನಲ್ಲಿ ಎಣಿಸಿ ಟಿಕೆಟ್ ಮಾಡಿಸಿದರೆ 92 ದಿನವಾಗಿರುತ್ತದೆ. ಹಿಂದೆ ಅಧಿಕಾರಿ ಮುದ್ರೆಗಳನ್ನು ಹುಡುಕಿ ಕೂಡಿ ಕಳೆಯಬೇಕಿತ್ತು, ಈಗ ಯಂತ್ರ ಕ್ಷಣದಲ್ಲಿ ತೋರಿಸುತ್ತದೆ.

ಅಲ್ಲೇ ನೆಲೆಸಿರುವ ಕನ್ನಡಿಗರಿಗೆ ಒಳಗಡಿಯದೇ ಚಿಂತೆ. ಜರ್ಮನಿಯ ಆಖೆನ್‌ನ ವಿದ್ಯಾರ್ಥಿ ಪಕ್ಕದ ನೆದರ್ಲೆಂಡ್ಸ್‌ನ ವಾಲ್ಸ್‌ಗೆ ತರಕಾರಿ ತರಲು ಹೋಗುವಾಗಲೂ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಜೇಬಿನಲ್ಲಿರಬೇಕು. ಫೋನಿನ ಫೋಟೊ ನಡೆಯುವುದಿಲ್ಲ. ಬಸ್ಸಿನಲ್ಲಿ ಐವತ್ತು ಮಂದಿ ಇದ್ದು ಇಬ್ಬರನ್ನು ಕೇಳುವುದಾದರೆ ಯಾರನ್ನು ಕೇಳುತ್ತಾರೆ ಎಂಬುದು ಕಂದು ಬಣ್ಣದ ಯಾರಿಗೂ ವಿವರಿಸಿ ಹೇಳಬೇಕಾದ್ದಲ್ಲ. ಚರ್ಮದ ಬಣ್ಣ ನೋಡಿ ಗುರುತಿನ ಚೀಟಿ ಕೇಳುವುದು ಜರ್ಮನಿಯ ಸಂವಿಧಾನವಾದ ಮೂಲ ಕಾನೂನಿನ ಸಮಾನತೆಗೆ ವಿರುದ್ಧ ಎಂದು ಕೋಬ್ಲೆನ್ಸ್‌ನ ಉನ್ನತ ಆಡಳಿತ ನ್ಯಾಯಾಲಯ 2012ರಲ್ಲೇ ಹೇಳಿದೆ. ಆದರೆ ಕೆಲವರನ್ನಷ್ಟೇ ತಡೆಯುವುದು ಎಂದು ಶುರುವಾದ ತಪಾಸಣೆಯಲ್ಲಿ ಆ ಕೆಲವರನ್ನು ಆರಿಸುವುದು ಎರಡು ಸೆಕೆಂಡಿನ ಕೆಲಸ, ಕಾರಣ ಬರೆದಿಡುವವರಿಲ್ಲ.

ಜರ್ಮನಿಯ ತಪಾಸಣೆಯನ್ನು ಅಧಿಕೃತವಾಗಿ ಆಕ್ಷೇಪಿಸಿದ್ದು ಲಕ್ಸೆಂಬರ್ಗ್, 2025ರ ಫೆಬ್ರವರಿಯಲ್ಲಿ. ಆರೇಳು ಲಕ್ಷ ಜನರ ದೇಶ. 2026ರ ಜೂನ್‌ನಿಂದ ಹೊಸ ವಲಸೆ–ಆಶ್ರಯ ಒಪ್ಪಂದ ಅನ್ವಯವಾಗಬೇಕು, ಡಬ್ಲಿನ್‌ನ ಜಾಗಕ್ಕೆ ಬರುವ ಅದರ ನಿಯಮಗಳಲ್ಲಿ ಗ್ರೀಸ್, ಇಟಲಿಗಳ ಭಾರಕ್ಕೆ ಉಳಿದವರು ಜನರನ್ನು ಕರೆಸಿಕೊಂಡೋ ದುಡ್ಡು ಕೊಟ್ಟೋ ಹೆಗಲು ಕೊಡಬೇಕು ಎಂದಿದೆ. ಅದು ನಡೆದರೆ ಒಳಗಡಿಯ ಡೇರೆಗಳಿಗಿದ್ದ ದೊಡ್ಡ ನೆಪ ಕರಗುತ್ತದೆ. ಜರ್ಮನಿ ಎಲ್ಲ ಗಡಿಗಳಿಗೂ ಹಬ್ಬಿಸಿದ ತಪಾಸಣೆಗೆ ಎರಡು ವರ್ಷ ತುಂಬುವುದು 2026ರ ಸೆಪ್ಟೆಂಬರ್ 16ಕ್ಕೆ. ಅದರಾಚೆಗೂ ಮುಂದುವರಿಸುವುದಾದರೆ ಬರ್ಲಿನ್ ಬ್ರಸೆಲ್ಸ್‌ಗೆ ಹೊಸ ಅಪಾಯವನ್ನೋ ತೀರಾ ಅಸಾಧಾರಣ ಸ್ಥಿತಿಯನ್ನೋ ತೋರಿಸಬೇಕು, ಅದು ನಿಜಕ್ಕೂ ಹಾಗೆಯೇ ಎಂದು ಆಯೋಗ ಈ ಬಾರಿಯಾದರೂ ಕೇಳಬೇಕು.